ಸಂಬಳವಿಲ್ಲದ ಕಾವಲುಗಾರ

ಹಗ್ಗದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮ್ಯಾನೇಜರು ಕುರ್ಚಿಯ ಮೇಲೆ ಹತ್ತಿ ನಿಂತು, ಜನ ಕಡಿಮೆ ಮಾಡಬೇಕಾಗಿದೆ, ತಾವಾಗಿಯೇ ಹೋಗಲು ಒಪ್ಪುವವರಿಗೆ ಒಳ್ಳೆಯ ಇಡುಗಂಟು ಕೊಡುತ್ತೇವೆ, ಇಷ್ಟವಿದ್ದವರು ಯೋಚಿಸಿ ಕೈ ಎತ್ತಬಹುದು ಎಂದರು. 'ಯೋಚಿಸಿ' ಎನ್ನುವಷ್ಟರಲ್ಲೇ ಒಂದು ಕೈ ಮೇಲೆದ್ದಿತ್ತು. ಅದು ಮ್ಯಾಟಿ ಹೆಸ್ಲಪ್‌ನ ಕೈ.

ನಮ್ಮ ಥಾರ್ನ್‌ಲಾದಲ್ಲಿ ಗಂಡಸರು ತಾವಾಗಿ ಕೈ ಎತ್ತುವುದು, ಕ್ಲಬ್ಬಿನಲ್ಲಿ ಯಾರಾದರೂ ತಮ್ಮ ಖರ್ಚಿನಲ್ಲಿ ಬಿಯರು ಕೊಡಿಸುತ್ತೇನೆ ಎಂದಾಗ ಮಾತ್ರ. ಹಾಗಾಗಿ ಎಲ್ಲರಿಗೂ ಅನುಮಾನ ಬಂತು. ಇವನಿಗೆ ಏನೋ ಗೊತ್ತಾಗಿದೆ, ಕಾರ್ಖಾನೆಯನ್ನು ಪೂರ್ತಿ ಮುಚ್ಚುತ್ತಾರೆ ಎಂದು ಹಗ್ಗ ಹೊಸೆಯುವವರು ಪಿಸುಗುಟ್ಟಿದರು. ಇಷ್ಟು ಬೇಗ ಒಪ್ಪಿದನೆಂದರೆ ಇಡುಗಂಟು ಜಾಸ್ತಿಯಾಯಿತೇನೋ ಎಂದು ಮ್ಯಾನೇಜರಿಗೂ ಮುಖ ಹುಳ್ಳಗಾಯಿತು. ಸಾಮಾನು ರವಾನೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ. ಜೂನ್ ತಿಂಗಳು. ನನಗೆ ಅರ್ಥವಾಯಿತು. ಜೂನ್ ಎಂದರೆ ಲೀಕ್ ದಪ್ಪವಾಗುವ ಕಾಲ.

ಲೀಕ್ ಎಂದರೆ ಈರುಳ್ಳಿಯ ಮನೆತನಕ್ಕೆ ಸೇರಿದ ತರಕಾರಿ. ಗಡ್ಡೆ ಕಟ್ಟುವುದಿಲ್ಲ, ಬುಡದಲ್ಲಿ ಬಿಳಿಯ ದಂಟಾಗಿ ಊದುತ್ತದೆ, ಮೇಲೆ ಹಸಿರು ಎಲೆ ಬಾವುಟದ ಹಾಗೆ ಬಾಗುತ್ತದೆ. ಬೇರೆ ಊರಿನವರು ಅದನ್ನು ತಿನ್ನುತ್ತಾರಂತೆ. ನಾವು ಅದನ್ನು ಸಾಕುತ್ತೇವೆ. ಸೆಪ್ಟೆಂಬರಿನಲ್ಲಿ ನಮ್ಮ ಕ್ಲಬ್ಬೂ ಪಕ್ಕದ ಹಾಕ್‌ಬರ್ನ್ ಕ್ಲಬ್ಬೂ ಸೇರಿ ಪ್ರದರ್ಶನ ನಡೆಸುತ್ತವೆ. ಯಾರ ಲೀಕ್ ಹೆಚ್ಚು ದಪ್ಪವೋ ಅವನು ಮುಂದಿನ ಸೆಪ್ಟೆಂಬರಿನವರೆಗೆ ಬೀದಿಯಲ್ಲಿ ನಿಧಾನವಾಗಿ ನಡೆಯಬಹುದು. ಗೊಬ್ಬರಕ್ಕೆ ಏನು ಬೆರೆಸುತ್ತಾನೆ ಎನ್ನುವುದನ್ನು ಯಾವನೂ ತನ್ನ ತಮ್ಮನಿಗೂ ಹೇಳುವುದಿಲ್ಲ. ಪ್ರದರ್ಶನ ಹತ್ತಿರ ಬಂದಾಗ ಬೇಲಿ ಹಾರಿ ಬಂದು ಎದುರಾಳಿಯ ಗಿಡಕ್ಕೆ ಚಾಕು ಹಾಕಿ ಹೋಗುವವರೂ ಇದ್ದಾರೆ. ಅಂಥವರು ಯಾವಾಗಲೂ ಪಕ್ಕದ ಊರಿನವರೇ ಆಗಿರುತ್ತಾರೆ. ಪಕ್ಕದ ಊರಿನಲ್ಲಿ ನಮ್ಮ ಬಗ್ಗೆ ಏನು ಹೇಳುತ್ತಾರೋ ನಾನು ವಿಚಾರಿಸಿಲ್ಲ.

ಹಿಂದಿನ ವರ್ಷ ಮ್ಯಾಟಿಯ ಗಿಡಕ್ಕೆ ಚಾಕು ಬಿದ್ದಿತ್ತು. ಇನ್ನೇನು ಕೀಳಬೇಕು ಎನ್ನುವಾಗ ಮೂರು ಒಳ್ಳೆಯ ದಂಟುಗಳನ್ನು ಯಾರೋ ಅಡ್ಡಡ್ಡ ಸೀಳಿದ್ದರು. ಅವನು ಅವತ್ತು ಅತ್ತಿರಲಿಲ್ಲ. ತೋಟದ ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ್ದ. ನಮ್ಮ ಕ್ಲಬ್ಬಿನವರ ತೋಟಗಳೆಲ್ಲ ಒಂದೇ ಸಾಲಿನಲ್ಲಿವೆ, ಪಕ್ಕದ ತೋಟ ನನ್ನದಾದ್ದರಿಂದ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ್ದ. ನನ್ನ ಲೀಕ್‌ಗಳು ಪೆನ್ಸಿಲಿನಷ್ಟು ದಪ್ಪ ಬೆಳೆಯುತ್ತವೆ. ಅಸೂಯೆಪಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಹೀಗೆ ಮ್ಯಾಟಿ ಕೆಲಸ ಬಿಟ್ಟ. ಇಡುಗಂಟು ಬಂದ ದಿನವೇ ಅವನ ಹೆಂಡತಿ ಆಡ್ರಿ ಅದನ್ನು ತನ್ನ ಹೆಸರಿನಲ್ಲಿ ಜಮಾ ಮಾಡಿ ಪಾಸ್‌ಬುಕ್ಕನ್ನು ಎಲ್ಲೋ ಅಡಗಿಸಿದಳು. "ಇದು ನಮ್ಮಿಬ್ಬರ ಮುದಿತನಕ್ಕೆ. ಅಲ್ಲೀವರೆಗೂ ಸರ್ಕಾರ ಕೊಡೋದ್ರಲ್ಲಿ ತಿನ್ನು" ಎಂದಳು. ಆ 'ಸರ್ಕಾರ ಕೊಡೋದು' ಎಂದರೆ ನಿರುದ್ಯೋಗ ಭತ್ಯೆ. ಅದಕ್ಕಾಗಿ ಎರಡು ವಾರಕ್ಕೊಮ್ಮೆ ಪೇಟೆಯ ಕಚೇರಿಗೆ ಹೋಗಿ ರುಜು ಹಾಕಿ ಬರಬೇಕು.

ಮೊದಲ ಸಲ ಆಡ್ರಿಯೂ ಜೊತೆಗೆ ಹೋಗಿದ್ದಳು. ಅವನು ಒಬ್ಬನೇ ಹೋದರೆ ಬಾಯಿಗೆ ಬಂದದ್ದನ್ನು ಹೇಳುತ್ತಾನೆ ಎಂಬ ಅನುಮಾನ ಅವಳಿಗೆ. ಅಲ್ಲಿ ನಡೆದದ್ದನ್ನು ಅವಳೇ ಬೇಲಿಯ ಮೇಲಿಂದ ನನಗೆ ಹೇಳಿದಳು.

ಗಾಜಿನ ಆಚೆ ಕೂತಿದ್ದವಳು ಮಿಸ್ ಗೌಲ್ಯಾಂಡ್. ಇಡೀ ಪ್ರಾಂತ್ಯದ ಕೆಲಸವಿಲ್ಲದವರೆಲ್ಲ ಅವಳಿಗೆ ಮುಖಪರಿಚಯ. ಅವಳು ಕೇಳಿದಳಂತೆ, "ಕೆಲಸ ಯಾಕೆ ಹೋಯ್ತು, ಮಿಸ್ಟರ್ ಹೆಸ್ಲಪ್?"

"ಯಾರ್ ಹೋಗ್ತೀರಾ ಅಂತ ಕೇಳಿದ್ರು. ನಾನು ಅಂದೆ."

"ಅಂದ್ರೆ ನೀವಾಗೇ ಬಿಟ್ರಿ. ತಾವಾಗಿ ಕೆಲಸ ಬಿಟ್ಟೋರಿಗೆ ತಕ್ಷಣ ಭತ್ಯೆ ಸಿಗಲ್ಲ."

"ನಾನೆಲ್ಲಿ ಬಿಟ್ಟೆ? ಕಳಿಸಿದ್ದು ಅವರು. ನಾನು ಬರೀ ಕೈ ಎತ್ತಿದ್ದು. ಹೇಗೂ ಒಂದಷ್ಟು ಜನರ ತಲೆ ಹೋಗೋದಿತ್ತು. ನನ್ನ ತಲೆ ಕೈಗೆ ಹತ್ತಿರ ಇತ್ತು."

ಮಿಸ್ ಗೌಲ್ಯಾಂಡ್ ಕಾರ್ಖಾನೆಗೆ ಫೋನು ಮಾಡಿದಳು, ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬಂದಳು. ಕಾರ್ಖಾನೆಯೇ ಜನ ಕಡಿಮೆ ಮಾಡುತ್ತಿದ್ದುದರಿಂದ, ಕೈ ಎತ್ತಿದವನನ್ನೂ ಅವರೇ ಕಳಿಸಿದಂತೆ ಲೆಕ್ಕ ಎಂದು ತೀರ್ಮಾನವಾಯಿತು. ಅಷ್ಟಾದರೂ ಅವಳ ಕಣ್ಣಿನಲ್ಲಿದ್ದ ಅನುಮಾನ ಹೋಗಿರಲಿಲ್ಲವಂತೆ.

"ಸರಿ, ಹೊಸ ಕೆಲಸ ಸಿಕ್ಕಿದ್ರೆ ಯಾವತ್ತಿಂದ ಸೇರೋಕೆ ತಯಾರಿದೀರಿ?"

"ಸೆಪ್ಟೆಂಬರ್..." ಎಂದು ಮ್ಯಾಟಿ ಶುರುಮಾಡಿದಾಗ ಆಡ್ರಿ ಅವನ ಕಾಲು ತುಳಿದಳು.

"ನಾಳೆನೇ" ಎಂದ ಮ್ಯಾಟಿ. ಕಾಲಿನ ನೋವಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಕೆಲಸಕ್ಕಾಗಿ ಅಳುತ್ತಿದ್ದಾನೆ ಎಂದುಕೊಂಡು ಮಿಸ್ ಗೌಲ್ಯಾಂಡ್ ಮೆತ್ತಗಾದಳಂತೆ.

ಜುಲೈ ತುಂಬ ಸುಖವಾಗಿ ಕಳೆಯಿತು, ಅಂದರೆ ಮ್ಯಾಟಿಗೆ. ಭತ್ಯೆ ಸರಿಯಾಗಿ ಬರುತ್ತಿತ್ತು, ಲೀಕ್‌ಗಳು ಮಗುವಿನ ತೊಡೆಯ ಹಾಗೆ ತುಂಬಿಕೊಳ್ಳುತ್ತಿದ್ದವು. ಮನೆಯ ಮುಂಗೋಣೆಯಲ್ಲಿದ್ದ ದೊಡ್ಡ ತೋಳುಕುರ್ಚಿಯನ್ನು ಅವನು ಕೈಗಾಡಿಯಲ್ಲಿ ಹೇರಿಕೊಂಡು ತೋಟದ ಶೆಡ್ಡಿಗೆ ತಂದ. ಸಂಜೆಯ ಚಹಾ ಮುಗಿದ ಕೂಡಲೇ ಬಂದು ಅದರಲ್ಲಿ ಕೂತರೆ ಬೆಳಗಿನವರೆಗೆ ಕಾವಲು.

ಆಡ್ರಿ ಅವನಿಗೆ ಊಟದ ಡಬ್ಬಿ ಕೊಡಲು ಬಂದವಳು ಹೇಳುವುದು ನನಗೆ ಕೇಳಿಸುತ್ತಿತ್ತು. "ಮದುವೆ ಆಗಿ ಇಷ್ಟು ವರ್ಷ ಆಯ್ತು. ನನ್ನ ಯಾವತ್ತಾದ್ರೂ ಹೀಗೆ ಕಣ್ಣು ಮಿಟುಕಿಸದೆ ನೋಡಿದೀಯಾ?"

"ನಿನಗೆ ಯಾರ್ ಚಾಕು ಹಾಕ್ತಾರೆ ಹೇಳು."

"ನಾನೇ ಹಾಕ್ಬೇಕು ಅನ್ಕೊಂಡಿದೀನಿ. ನನಗಲ್ಲ."

ಕಾವಲು ಕೂತರಷ್ಟೇ ಸಾಲದು ಎಂದು ಮ್ಯಾಟಿಗೆ ಅನಿಸಿರಬೇಕು. ಒಂದು ದಿನ ಬೇಲಿಯ ಹತ್ತಿರ ಬಂದು, ಸುತ್ತ ನೋಡಿ, ನನ್ನ ಕಿವಿಯಲ್ಲಿ ಹೇಳಿದ. "ಹಾಕ್‌ಬರ್ನ್ ಕ್ಲಬ್ಬಿಗೆ ಹೋಗಿ ಒಂದು ಮಾತು ಬಿಟ್ಟು ಬಂದಿದೀನಿ, ಲೆನ್."

"ಏನಂತ?"

"ಥಾರ್ನ್‌ಲಾದೋರು ಈ ಸಲ ಸಂಬಳ ಕೊಟ್ಟು ಕಾವಲುಗಾರನ್ನ ಇಟ್ಟಿದಾರೆ ಅಂತ. ಗಟ್ಟಿ ಆಳು, ಮೊದಲು ಹಗ್ಗದ ಕಾರ್ಖಾನೇಲಿದ್ದ, ಕೈಗೆ ಸಿಕ್ಕಿದ್ರೆ ಹಗ್ಗದ ಹಾಗೇ ಹೊಸೀತಾನೆ ಅಂತ. ಹೆಸರು ಹೇಳಿಲ್ಲ. ಹೆದರ್ಕೊಂಡು ಮುಖ ಒಣಗಿಸ್ಕೊಂಡ್ರು."

ಒಳ್ಳೆಯ ಉಪಾಯ ಎಂದು ನಾನೂ ತಲೆಯಾಡಿಸಿದೆ. ನನ್ನ ತಲೆ ಅಷ್ಟರ ಮಟ್ಟಿನದು.

ಆಗಸ್ಟಿನಲ್ಲಿ ಎರಡು ಸಂಗತಿ ನಡೆದವು. ಮೊದಲನೆಯದು, ಕಾರ್ಖಾನೆಯಿಂದ ನನ್ನನ್ನೂ ಕಳಿಸಿದರು. ಈ ಸಲ ಯಾರನ್ನೂ ಕೈ ಎತ್ತಿ ಎಂದು ಕೇಳಲಿಲ್ಲ, ಒಳ್ಳೆಯ ಇಡುಗಂಟಿನ ಮಾತೂ ಇರಲಿಲ್ಲ. ಜೂನಿನಲ್ಲಿ ಜಾಣತನವೆಂದು ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದವನು ನಾನು. ಎರಡನೆಯದು, ಮ್ಯಾಟಿಯ ಭತ್ಯೆ ನಿಂತಿತು.

ರುಜು ಹಾಕಲು ಹೋದಾಗ ಮಿಸ್ ಗೌಲ್ಯಾಂಡ್ ಹೇಳಿದಳಂತೆ, "ನೀವು ಎಲ್ಲೋ ಸಂಬಳಕ್ಕೆ ಕೆಲಸ ಮಾಡ್ತಿದೀರಿ ಅಂತ ದೂರು ಬಂದಿದೆ. ವಿಚಾರಣೆ ಮುಗಿಯೋವರೆಗೂ ಏನೂ ಕೊಡೋಕಾಗಲ್ಲ." ಎಲ್ಲಿ, ಏನು ಕೆಲಸ, ದೂರು ಕೊಟ್ಟವರು ಯಾರು ಎಂದರೆ ಬಾಯಿ ಬಿಡಲಿಲ್ಲ. ಮ್ಯಾಟಿ ಇಡೀ ದಿನ ಯೋಚಿಸಿದ. ತಾನು ಮಾಡುವ ಕೆಲಸವೆಂದರೆ ತೋಟ ಕಾಯುವುದೊಂದೇ. ಅದನ್ನೇ ಯಾರೋ ಕೆಲಸವೆಂದು ಹೇಳಿರಬೇಕು.

ಆಡ್ರಿ ಮಾತು ಬೆಳೆಸಲಿಲ್ಲ. "ಕಾವಲು ಬಿಡು. ಮನೇಲಿ ಮಲಗೋನ್ನ ಯಾರೂ ಕಾವಲುಗಾರ ಅನ್ನಲ್ಲ. ಭತ್ಯೆ ಬರತ್ತೆ."

"ಬಿಟ್ರೆ ಲೀಕ್ ಹೋಗತ್ತೆ."

"ಬಿಡದಿದ್ರೆ ಊಟ ಹೋಗತ್ತೆ."

"ಪಾಸ್‌ಬುಕ್ಕು..."

"ಅದು ಎಲ್ಲಿದೆ ಅಂತ ನನಗೇ ಮರೆತುಹೋಗಿದೆ."

ಅವತ್ತಿನಿಂದ ಅವನ ಊಟದ ಡಬ್ಬಿಯಲ್ಲಿ ಹ್ಯಾಮ್ ಕಾಣಲಿಲ್ಲ. ಕೊಬ್ಬು ಸವರಿದ ಬ್ರೆಡ್ಡು, ಆಮೇಲೆ ಬರೀ ಬ್ರೆಡ್ಡು. ಆದರೂ ಮ್ಯಾಟಿ ಕುರ್ಚಿ ಬಿಡಲಿಲ್ಲ. ಬಿಟ್ಟದ್ದು ನನ್ನ ಜೊತೆ ಮಾತನ್ನು. ದೂರು ಕೊಟ್ಟವನು ತೋಟದ ವಿಷಯ ಬಲ್ಲವನು, ಅವನ ಕುರ್ಚಿಯನ್ನು ನೋಡಿದವನು, ಅವನ ಇಡುಗಂಟಿನ ಮೇಲೆ ಹೊಟ್ಟೆಕಿಚ್ಚು ಪಡಲು ಕಾರಣವಿದ್ದವನು. ಇಷ್ಟೂ ಸೇರಿಸಿದರೆ ಬರುವ ಉತ್ತರ ನಾನೇ. ನನಗೇ ಒಮ್ಮೊಮ್ಮೆ, ಗೊತ್ತಿಲ್ಲದ ಹಾಗೆ ನಾನೇ ಹೇಳಿಬಿಟ್ಟೆನೇನೋ ಎಂದು ಅನುಮಾನ ಬರುತ್ತಿತ್ತು. ನಾನು "ಏನ್ ಮ್ಯಾಟಿ, ಹೇಗಿದೆ?" ಎಂದರೆ ಅವನು ಲೀಕ್‌ಗಳ ಮುಂದೆ ಒಂದು ಚೀಲವನ್ನು ಮರೆಯಾಗಿ ಹಿಡಿಯುತ್ತಿದ್ದ.

ಆಗಸ್ಟ್ ಕೊನೆಯ ಹೊತ್ತಿಗೆ ತೋಟದ ಓಣಿಯಲ್ಲಿ ಒಂದು ಹಸಿರು ಕಾರು ಬಂದು ನಿಲ್ಲತೊಡಗಿತು. ಸಂಜೆ ಬಿಸಿಲಿರುವಾಗಲೇ ಬರುವುದು, ಬೇಲಿಯ ಸಂದಿಗೆ ಮುಖ ಮಾಡಿ ನಿಲ್ಲುವುದು, ಕತ್ತಲಾದ ಮೇಲೆ ಹೋಗುವುದು. ಒಳಗೆ ಕನ್ನಡಕದ ಮನುಷ್ಯನೊಬ್ಬ. ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಜೋ ಲಿಡ್ಡಲ್ ಎರಡು ಸಂಜೆ ನೋಡಿದ. ಮೂರನೆಯ ಸಂಜೆ ಗೊಬ್ಬರ ತುಂಬಿದ ಕೈಗಾಡಿಯನ್ನು ಕಾರಿನ ಹಿಂದೆ ಅಡ್ಡ ನಿಲ್ಲಿಸಿದ. ಮುಂದೆ ನನ್ನನ್ನು ನಿಲ್ಲಿಸಿದ. ನಾನು ಕೈಗಾಡಿಯಷ್ಟು ಗಟ್ಟಿಯಲ್ಲದ್ದರಿಂದ ಕೈಗೆ ಒಂದು ಗುದ್ದಲಿ ಕೊಟ್ಟ.

ಕನ್ನಡಕದವನು ಸಣ್ಣ ಚಾಕುವಿನಿಂದ ಸೇಬು ಹೆಚ್ಚುತ್ತಿದ್ದ. ಜೋ ಬಗ್ಗಿ ಕಿಟಕಿಯಲ್ಲಿ ಮುಖ ತೂರಿಸಿದ. "ಸೇಬು ತಿನ್ನೋಕೆ ಇಷ್ಟು ದೂರ ಬಂದ್ರಾ ಸ್ವಾಮಿ?"

"ಹಾಗೇ ಗಾಳಿಗೆ ಬಂದೆ."

"ಮೂರು ದಿನದಿಂದ ನಮ್ಮ ಗೊಬ್ಬರದ ಗಾಳಿನೇ ಕುಡೀತಿದೀರಿ. ಒಗ್ಗತ್ತಾ ಮೈಗೆ? ಚಾಕು ಚೆನ್ನಾಗಿದೆ. ಹೋದ ವರ್ಷ ಬಂದೋನೂ ಸೇಬು ತಿಂದಿದ್ನೋ ಏನೋ."

"ನೋಡಿ, ನಾನು ಸರ್ಕಾರಿ ಕೆಲಸದಲ್ಲಿರೋನು. ಪಿಕರಿಂಗ್ ಅಂತ."

"ಹಾಕ್‌ಬರ್ನ್ ಸರ್ಕಾರಾನಾ?"

ಅವನು ಗುರುತಿನ ಕಾರ್ಡು ತೆಗೆದು ತೋರಿಸಿದ. ಜೋ ಅದನ್ನು ಹಿಂದುಮುಂದು ಮಾಡಿ ನೋಡಿ ನನಗೆ ಕೊಟ್ಟ, ನಾನೂ ಹಿಂದುಮುಂದು ಮಾಡಿದೆ. ಹಾಕ್‌ಬರ್ನಿನವರು ಇಂಥ ಕಾರ್ಡನ್ನು ಮಾಡಿಸಲಾರದವರಲ್ಲ ಎಂದು ಇಬ್ಬರಿಗೂ ಅನಿಸಿತು. ಆಗ ಜೋ ಬೇಲಿಯ ಸಂದಿಯಿಂದ ಮ್ಯಾಟಿಯ ಲೀಕ್‌ಗಳ ಕಡೆ ಬೆರಳು ತೋರಿಸಿದ. ಸಂಜೆಯ ಬಿಸಿಲಿನಲ್ಲಿ ಅವು ಅಮೃತಶಿಲೆಯ ಕಂಬಗಳ ಹಾಗೆ ಹೊಳೆಯುತ್ತಿದ್ದವು.

"ಅಂಥಾದ್ದೊಂದು ಕೈಗೆ ಸಿಕ್ಕಿದ್ರೆ ಏನ್ ಮಾಡ್ತೀರಿ? ನಿಜ ಹೇಳಿ."

ಪಿಕರಿಂಗ್ ಸ್ವಲ್ಪ ಯೋಚಿಸಿದ. "ಸೂಪು" ಎಂದ. "ಬೆಣ್ಣೆ ಹಾಕಿ."

ಜೋ ಕೈಗಾಡಿಯನ್ನು ಹಿಂದಕ್ಕೆ ಎಳೆದ. ನಾನು ಗುದ್ದಲಿ ಇಳಿಸಿದೆ. ಪ್ರದರ್ಶನಕ್ಕೆ ಮೊದಲೇ ಲೀಕನ್ನು ನೋಡಿ ಸೂಪಿನ ಯೋಚನೆ ಬರುವವನು ಎಲ್ಲಿಯವನಾದರೂ ಆಗಿರಬಹುದು, ಹಾಕ್‌ಬರ್ನಿನವನಲ್ಲ. ಆ ಊರಿನವರು ಕಳ್ಳರೇ ಹೊರತು ಅನಾಗರಿಕರಲ್ಲ.

"ಮತ್ತೆ ಯಾಕ್ರೀ ಇಲ್ಲಿ ಕೂತಿದೀರಿ?"

"ಆ ಮನುಷ್ಯ ಏಳ್ತಾನೇನೋ ಅಂತ ಕಾಯ್ತಿದೀನಿ" ಎಂದು ಪಿಕರಿಂಗ್ ಶೆಡ್ಡಿನ ಕಡೆ ತೋರಿಸಿದ. "ಸಂಬಳ ತಗೊಂಡು ಈ ತೋಟ ಕಾಯ್ತಾನೆ ಅಂತ ದೂರು. ಮೂರು ದಿನದಿಂದ ನೋಡ್ತಿದೀನಿ. ಬರ್ತಾನೆ, ಕೂತ್ಕೋತಾನೆ, ಗೊರಕೆ ಹೊಡೀತಾನೆ. ನಿನ್ನೆ ಒಂದು ಬೆಕ್ಕು ಅವನ ತೊಡೆ ಮೇಲೆ ಹತ್ತಿ ಡಬ್ಬಿಯಿಂದ ಬ್ರೆಡ್ ತಿಂದು ಹೋಯ್ತು."

ನಾವಿಬ್ಬರೂ ಶೆಡ್ಡಿನ ಕಡೆ ತಿರುಗಿದೆವು. ಇಷ್ಟು ಗಲಾಟೆ ನಡೆದಿದ್ದರೂ ಅಲ್ಲಿಂದ ಬರುತ್ತಿದ್ದ ಸದ್ದು ಒಂದೇ, ಹಳೆಯ ಹಗ್ಗದ ಯಂತ್ರದ ಹಾಗೆ ಏರಿ ಇಳಿಯುವ ಸದ್ದು. ಪಕ್ಕದ ತೋಟದವನಾದ ನನಗೆ ಅದು ಪರಿಚಯದ ಸದ್ದೇ. ಕಣ್ಣು ತೆರೆದುಕೊಂಡೇ ಗೊರಕೆ ಹೊಡೆಯುವ ಅಭ್ಯಾಸ ಅವನಿಗಿರಬಹುದು ಎಂದು ನಾನು ನಂಬಿಕೊಂಡಿದ್ದೆ.

"ದೂರು ಯಾರು ಕೊಟ್ಟಿದ್ದು?" ಎಂದ ಜೋ.

"ಅದು ಹೇಳೋ ಹಾಗಿಲ್ಲ. ಆದ್ರೆ ಹಾಕ್‌ಬರ್ನ್ ಕ್ಲಬ್ಬಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತಂತೆ. ಸಂಬಳದ ಕಾವಲುಗಾರ, ಮೊದಲು ಹಗ್ಗದ ಕಾರ್ಖಾನೇಲಿದ್ದೋನು ಅಂತ."

ನಾನು ಗುದ್ದಲಿಯ ಹಿಡಿಯನ್ನು ನೋಡತೊಡಗಿದೆ. ಜೋ ನನ್ನನ್ನು ನೋಡಿದ. ಅವನ ಕಿವಿಗೂ ಮ್ಯಾಟಿ ಆ ಉಪಾಯವನ್ನು ಊದಿದ್ದಿರಬೇಕು.

"ಇವನು ನಿದ್ದೆ ಮಾಡ್ತಾನೆ ಅಂತ ಹೊರಗೆ ಗೊತ್ತಾಗ್ಬಾರ್ದು ಸ್ವಾಮಿ" ಎಂದು ಜೋ ಮೆಲ್ಲಗೆ ಬೇಡಿಕೊಂಡ. "ಹಾಕ್‌ಬರ್ನಿನೋರ ಕಿವಿಗೆ ಬಿದ್ರೆ ಇಡೀ ತೋಟ ಹೋಯ್ತು."

"ನಿದ್ದೆ ಮಾಡ್ತಾನೆ ಅನ್ನೋದ್ರಿಂದಾನೇ ಅವನಿಗೆ ಭತ್ಯೆ ಸಿಗೋದು. ಇಂಥಾ ಕಾವಲಿಗೆ ಯಾರೂ ದುಡ್ಡು ಕೊಡಲ್ಲ" ಎಂದು ಪಿಕರಿಂಗ್ ಉಳಿದ ಸೇಬನ್ನು ಬಾಯಿಗೆ ಹಾಕಿಕೊಂಡ. "ಕಂಡಿದ್ದನ್ನ ಹೇಳ್ಬೇಕು. ನನ್ನ ಕೆಲಸ ಅದು."

ಮ್ಯಾಟಿಯನ್ನು ನಾವು ಎಬ್ಬಿಸಲಿಲ್ಲ. ಮರುದಿನ ಓಣಿಯಲ್ಲಿ ಚೆಲ್ಲಿದ್ದ ಗೊಬ್ಬರವನ್ನು ಅವನು ಬಹಳ ಹೊತ್ತು ಪರೀಕ್ಷಿಸುತ್ತಿದ್ದ. "ಯಾರೋ ಬಂದಿದ್ರು" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಬೂಟಿನ ಅಡಿಯನ್ನು ನೋಡಿದ.

ಮುಂದಿನ ವಾರ ಭತ್ಯೆ ಕಚೇರಿಯ ಸಾಲಿನಲ್ಲಿ ಮ್ಯಾಟಿ, ಆಡ್ರಿ, ಅವರ ಹಿಂದೆ ನಾನು. ನನ್ನ ಹಿಂದೆ ಹಾಕ್‌ಬರ್ನಿನ ರಾಲ್ಫ್ ಡಾಬ್ಸನ್. ಹೋದ ವರ್ಷ ಪ್ರದರ್ಶನದಲ್ಲಿ ಗೆದ್ದವನು ಅವನೇ. ಅವನ ಕಿವಿಗಳು ದೊಡ್ಡವು. ಅವನ ಹಿಂದೆ ಆ ಊರಿನವರೇ ಇನ್ನೊಂದಿಷ್ಟು ಜನ. ಎಲ್ಲರೂ ಕೆಲಸ ಕಳೆದುಕೊಂಡವರು, ಎಲ್ಲರೂ ಲೀಕ್ ಬೆಳೆಯುವವರು. ಬಾಯಿ ಬಿಟ್ಟರೆ ಗೊಬ್ಬರದ ಗುಟ್ಟು ಹೋದೀತು ಎಂದು ಯಾರೂ ಮಾತಾಡುತ್ತಿರಲಿಲ್ಲ.

ಮಿಸ್ ಗೌಲ್ಯಾಂಡ್ ಗಾಜಿನ ಆಚೆಯಿಂದ ಗಂಟಲು ಸರಿಮಾಡಿಕೊಂಡಳು. "ಒಳ್ಳೆ ಸುದ್ದಿ, ಮಿಸ್ಟರ್ ಹೆಸ್ಲಪ್. ನಮ್ಮ ಅಧಿಕಾರಿ ಬಂದು ನೋಡಿದಾರೆ. ನೀವು ತೋಟ ಕಾಯ್ತಿರಲಿಲ್ಲ, ಅಷ್ಟೂ ದಿನ ನಿದ್ದೆ ಮಾಡ್ತಿದ್ರಿ ಅಂತ ಹೇಳಿದಾರೆ. ನೀವು ಹೌದು ಅಂದ್ರೆ ಇವತ್ತೇ ಭತ್ಯೆ ಬಿಡ್ತೀವಿ, ತಡೆದಿದ್ದೂ ಸೇರಿಸಿ. ನಿದ್ದೆ ಮಾಡ್ತಿದ್ರಿ ಅಲ್ವಾ?"

ಮ್ಯಾಟಿಯ ಕತ್ತು ಹಿಂದಿನಿಂದಲೇ ಕೆಂಪಾದದ್ದು ನನಗೆ ಕಂಡಿತು. "ಸ್ವಲ್ಪ ಮೆಲ್ಲಗೆ ಹೇಳ್ತೀರಾ, ಮಿಸ್?"

"ಗಾಜು ಅಡ್ಡ ಇದೆಯಲ್ಲ, ಮೆಲ್ಲಗೆ ಹೇಳಿದ್ರೆ ಕೇಳಿಸಲ್ಲ. ನಿದ್ದೆ. ಮಾಡ್ತಿದ್ರಾ?"

"ಕಣ್ಣು ಮುಚ್ಚಿರಬಹುದು. ಯೋಚನೆ ಮಾಡುವಾಗ ಮುಚ್ತೀನಿ."

"ಗೊರಕೆ ಅಂತಾನೂ ಹೇಳಿದಾರೆ."

"ಅದು ಉಪಾಯದ ಗೊರಕೆ. ಕಳ್ಳ ಹತ್ತಿರ ಬರಲಿ ಅಂತ."

"ಹಾಗಾದ್ರೆ ಎಚ್ಚರ ಇದ್ರಿ. ಕಾಯ್ತಾ ಇದ್ರಿ." ಮಿಸ್ ಗೌಲ್ಯಾಂಡ್ ಪೆನ್ನು ಎತ್ತಿಕೊಂಡಳು. "ಹಾಗಂತ ಹಾಕ್ಲಾ?"

"ಹಾಕ್ಬೇಡಮ್ಮ" ಎಂದು ಆಡ್ರಿ ಮುಂದೆ ಬಂದಳು. "ನಿದ್ದೆನೇ. ಮದುವೆ ದಿನ ಪಾದ್ರಿ ಮಾತಾಡುವಾಗಲೂ ನಿದ್ದೆ ಮಾಡಿದ್ದ. ನಾನು ಸಾಕ್ಷಿ."

"ಅವರ ಬಾಯಿಂದಾನೇ ಬರಬೇಕು."

ಮ್ಯಾಟಿ ಹಿಂದೆ ತಿರುಗಿದ. ಡಾಬ್ಸನ್ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ್ದ. ಕಟ್ಟುವ ಕೈ ನಿಂತಿತ್ತು, ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಅವನ ಹಿಂದಿನ ಸಾಲು ಪೂರ್ತಿ ಗೋಡೆಯ ಮೇಲಿನ ಸೂಚನೆಗಳನ್ನು ಭಕ್ತಿಯಿಂದ ಓದುತ್ತಿತ್ತು. ಪ್ರದರ್ಶನಕ್ಕೆ ಇನ್ನು ಸ್ವಲ್ಪವೇ ದಿನ. ಹೌದು ಎಂದರೆ, ಈ ಊರಿನ ತೋಟಕ್ಕೆ ಕಾವಲಿಲ್ಲ ಎಂದು ಚಾಕು ಇರುವವರಿಗೆಲ್ಲ ಸಾರಿದಂತೆ. ಇಲ್ಲ ಎಂದರೆ ಚಳಿಗಾಲದವರೆಗೆ ಬರೀ ಬ್ರೆಡ್ಡು, ಎದುರಿಗೆ ಆಡ್ರಿಯ ಮುಖ. ಅವನು ಆಡ್ರಿಯ ಮುಖ ನೋಡಿದ. ಅವಳು ಆಗ ರೇಗಿದ್ದರೆ ಅವನು ಹಟ ಹಿಡಿಯುತ್ತಿದ್ದ. ಅವಳು ರೇಗಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲದ ಮುಖವದು. ಅವನ ಡಬ್ಬಿಗೆ ಬ್ರೆಡ್ಡು ಹಾಕಿ ಅವಳು ಏನು ತಿನ್ನುತ್ತಿದ್ದಳು ಎಂದು ನನಗೂ ಆಗಲೇ ಹೊಳೆದದ್ದು.

"ಹೌದು" ಎಂದ ಮ್ಯಾಟಿ.

"ಕೇಳಿಸ್ಲಿಲ್ಲ."

"ನಿದ್ದೆ ಮಾಡ್ತಿದ್ದೆ. ಕೂತ ತಕ್ಷಣ ಬರತ್ತೆ. ಬೆಳಗಾಗೋವರೆಗೂ ಏಳಲ್ಲ."

ಮಿಸ್ ಗೌಲ್ಯಾಂಡ್ ಠಸ್ಸೆ ಒತ್ತಿದಳು. ಡಾಬ್ಸನ್ ಬೂಟಿನ ದಾರ ಬಿಗಿದು ಎದ್ದು ನಿಂತ.

ಹೊರಗೆ ಬಸ್ ನಿಲ್ದಾಣದಲ್ಲಿ ಮ್ಯಾಟಿ ನನ್ನ ಪಕ್ಕಕ್ಕೆ ಬಂದ. ಎಷ್ಟೋ ದಿನದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು, "ಇವತ್ತಿಂದ ನನ್ನ ತೋಟದಲ್ಲಿ ನೀನು ಕೂತ್ಕೋ."

"ನಾನಾ? ನನ್ನ ಮೇಲೆ ಅನುಮಾನ ಹೋಯ್ತಾ?"

"ಇಲ್ಲ. ಅದಕ್ಕೇ ಹೇಳ್ತಿರೋದು. ಅನುಮಾನ ಇರೋನು ಕಣ್ಣೆದುರಿಗೆ ಇರ್ಬೇಕು."

ಹೀಗೆ ನಾನು ಬಕೆಟ್ಟನ್ನು ಬೋರಲು ಹಾಕಿಕೊಂಡು ಅವನ ಲೀಕ್ ಕಾಯತೊಡಗಿದೆ. ಅವನು ತೋಳುಕುರ್ಚಿಯಲ್ಲಿ ಕೂತು ನನ್ನನ್ನು ಕಾಯತೊಡಗಿದ. ಬಿಸಿಲು ಇಳಿಯುವ ಮೊದಲೇ ಅವನಿಗೆ ನಿದ್ದೆ, ನಾನೂ ಬೇಲಿಗೆ ಒರಗಿದರೆ ಅಷ್ಟೇ. ಇದನ್ನು ಕಂಡ ಆಡ್ರಿ ಮಾರನೆಯ ದಿನದಿಂದ ಹೆಣಿಗೆ ಹಿಡಿದುಕೊಂಡು ಬಂದು ಇಬ್ಬರ ನಡುವೆ ಸ್ಟೂಲು ಹಾಕಿದಳು.

ಪ್ರದರ್ಶನಕ್ಕೆ ಎರಡು ದಿನ ಇದೆ ಎನ್ನುವಾಗ, ಮುಸ್ಸಂಜೆಯಲ್ಲಿ ಬೇಲಿಯ ಆಚೆ ಎರಡು ದೊಡ್ಡ ಕಿವಿಗಳು ಕಾಣಿಸಿದವು. ನಾನು ಎದ್ದು ನಿಂತೆ, ಬಕೆಟ್ಟು ಉರುಳಿತು. ಆಡ್ರಿ ಹೆಣಿಗೆಯಿಂದ ತಲೆ ಎತ್ತದೆ, "ಬನ್ನಿ ಮಿಸ್ಟರ್ ಡಾಬ್ಸನ್. ಚಾಕು ತಂದಿದೀರಾ, ನಮ್ಮದೇ ಕೊಡ್ಲಾ?" ಎಂದಳು.

ಡಾಬ್ಸನ್ ಬರಿಗೈ ತೋರಿಸಿದ. ಅವನ ಮುಖ ಸೋತುಹೋಗಿತ್ತು. "ಅಯ್ಯೋ, ಅದಕ್ಕಲ್ಲಮ್ಮ. ಮ್ಯಾಟಿ ಇಲ್ಲೇ ಇದಾನಾ ಅಂತ ನೋಡೋಕೆ ಬಂದೆ."

"ಇಲ್ಲೇ ಇದಾನೆ. ಕೇಳಿಸ್ತಿಲ್ವಾ?"

ಡಾಬ್ಸನ್ ಗೊರಕೆಯನ್ನು ಗಮನವಿಟ್ಟು ಕೇಳಿದ. "ಇದು ನಿಜವಾದ ಗೊರಕೆನಾ?"

"ನಾನು ಇಷ್ಟು ವರ್ಷದಿಂದ ಕೇಳ್ತಿದೀನಿ. ನಿಜವಾದದ್ದೇ."

"ನಮ್ಮೂರಲ್ಲಿ ಯಾರೂ ನಂಬ್ತಿಲ್ಲ" ಎಂದ ಡಾಬ್ಸನ್, ನೊಂದವನ ಹಾಗೆ. "ಲೀಕ್ ಬೆಳೆಯೋನು ಯಾರಾದ್ರೂ ಅಷ್ಟು ಜನರ ಎದುರಿಗೆ ನಿದ್ದೆ ಮಾಡ್ತೀನಿ ಅಂತ ಕೂಗಿ ಹೇಳ್ತಾನಾ? ಏನೋ ಬಲೆ ಹಾಕಿದಾನೆ, ನಮ್ಮ ಕಣ್ಣು ಅವನ ತೋಟದ ಮೇಲಿರುವಾಗ ಅವನು ನಮ್ಮ ತೋಟಕ್ಕೆ ಬರ್ತಾನೆ ಅಂತ ಎಲ್ಲರೂ ಎದ್ದು ಕೂತಿದಾರೆ. ವಾರದಿಂದ ನಾನು ಕಣ್ಣು ಮುಚ್ಚಿಲ್ಲ. ಗಿಡಕ್ಕೆ ನೀರು ಹಾಕೋದೂ ಮರೆತುಹೋಗ್ತಿದೆ."

ಆಡ್ರಿ ಅವನಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಅವನು ಅದನ್ನು ಮೂಸಿ ನೋಡಿ, ಅವಳು ಒಂದು ಗುಟುಕು ಕುಡಿದ ಮೇಲೆ ಕುಡಿದ.

ಪ್ರದರ್ಶನದಲ್ಲಿ ಮ್ಯಾಟಿಯ ಲೀಕ್‌ಗಳು ಒಂದು ಗೀರೂ ಇಲ್ಲದೆ ಬಿಳಿ ಬಟ್ಟೆಯ ಮೇಲೆ ಮಲಗಿದ್ದವು. ಮೂರನೆಯ ಬಹುಮಾನ ಬಂತು. ಅವನ ಜನ್ಮದಲ್ಲಿ ಬಹುಮಾನವೆಂದು ಬಂದದ್ದು ಅದೇ ಮೊದಲು. ಡಾಬ್ಸನ್‌ಗೆ ಐದನೆಯದು. ನನಗೆ ತೀರ್ಪುಗಾರರು, ಭಾಗವಹಿಸಿದ್ದಕ್ಕೆ ಧನ್ಯವಾದ ಎಂದರು. ನಮ್ಮಲ್ಲಿ ಗೆದ್ದವರು ಸರದಿಯಂತೆ ಮೇಜಿನ ಮೇಲಿರುವ ಮನೆಸಾಮಾನಿನಲ್ಲಿ ತಮಗೆ ಬೇಕಾದ್ದನ್ನು ಎತ್ತಿಕೊಳ್ಳುವ ಪದ್ಧತಿ. ಮೊದಲಿನವನು ಟಿವಿ ಎತ್ತಿಕೊಂಡ, ಎರಡನೆಯವನು ಕುಕ್ಕರು. ಮ್ಯಾಟಿ ಇಸ್ತ್ರಿಪೆಟ್ಟಿಗೆಯ ಕಡೆ ಕೈ ಚಾಚಿದಾಗ ಆಡ್ರಿ ಹಿಂದಿನಿಂದ, "ಕಂಬಳಿ ತಗೋ. ಶೆಡ್ಡಲ್ಲಿ ಚಳಿ" ಎಂದಳು. ಇಡೀ ಸಭಾಂಗಣ ನಕ್ಕಿತು, ಹಾಕ್‌ಬರ್ನಿನವರನ್ನು ಬಿಟ್ಟು. ಅವರು ಈ ಕಂಬಳಿಯ ಹಿಂದೆ ಏನು ಹುನ್ನಾರವಿದೆಯೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಭಾನುವಾರ, ಪದ್ಧತಿಯಂತೆ ಕ್ಲಬ್ಬಿನಲ್ಲಿ ಆ ಲೀಕ್‌ಗಳದೇ ಸೂಪು. ಮ್ಯಾಟಿ ಕಂಬಳಿಯನ್ನು ಮನೆಯಲ್ಲಿ ಬಿಟ್ಟು ಬರುವ ಧೈರ್ಯವಿಲ್ಲದೆ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ. ಮೂಲೆಯ ಮೇಜಿನಲ್ಲಿ ಪಿಕರಿಂಗ್ ಬಟ್ಟಲಿಗೆ ಬೆಣ್ಣೆ ಹಾಕಿಕೊಳ್ಳುತ್ತಿದ್ದ. ಅವನು ಯಾರು, ಓಣಿಯಲ್ಲಿ ಏನು ನಡೆಯಿತು ಎಂಬುದನ್ನೆಲ್ಲ ನಾನು ಆಗ ಮ್ಯಾಟಿಗೆ ಹೇಳಿದೆ. ಹಾಕ್‌ಬರ್ನಿನಲ್ಲಿ ಮ್ಯಾಟಿಯೇ ಬಿಟ್ಟು ಬಂದ ಮಾತು ಹೇಗೆ ತಿರುಗಿ ಅವನ ಮನೆಗೇ ಬಂತು ಎನ್ನುವುದನ್ನೂ ಬಿಡಿಸಿ ಹೇಳಿದೆ.

ಅವನು ಪೂರ್ತಿ ಕೇಳಿದ. "ಅದು ಸರಿ. ಆ ಮಾತನ್ನ ಕಚೇರಿಗೆ ಮುಟ್ಟಿಸಿದ್ದು ಯಾರು?"

"ಯಾರಾದ್ರೂ ಆಗಿರಬಹುದು. ಹೋಗ್ಲಿ ಬಿಡು, ಭತ್ಯೆ ಬಂತಲ್ಲ."

"ಮತ್ತೆ ಈ ಮನುಷ್ಯ ಇಲ್ಲಿಗ್ಯಾಕೆ ಬಂದಿದಾನೆ?"

"ಸೂಪಿಗೆ."

"ಬರೀ ಸೂಪಿಗೆ ಯಾರೂ ಬರಲ್ಲ, ಲೆನ್" ಎಂದ ಮ್ಯಾಟಿ. ಪಿಕರಿಂಗನ ಮೇಲೆ ಒಂದು ಕಣ್ಣಿಟ್ಟುಕೊಂಡೇ ತನ್ನ ಬಟ್ಟಲನ್ನು ನನ್ನ ಕಡೆ ತಳ್ಳಿ, ನನ್ನದನ್ನು ತಾನು ಎಳೆದುಕೊಂಡ. ನಾನು ಅವನ ಬಟ್ಟಲಿನಿಂದ ಒಂದು ಚಮಚ ಕುಡಿದು, ಸ್ವಲ್ಪ ಹೊತ್ತು ಏನೂ ಆಗದೆ ಕೂತದ್ದನ್ನು ನೋಡಿದ ಮೇಲೆ, ಅವನೂ ಕುಡಿಯಲು ಶುರುಮಾಡಿದ.